ಒಂದು ಕಂತಿನ ಬೈಗುಳ, ನಾಲ್ಕು ನ್ಯಾಯಾಲಯ: 'ಕಾಲೇಜ್ ರೊಮ್ಯಾನ್ಸ್' ಪ್ರಕರಣ

2018ರಲ್ಲಿ ಬಂದ 'ಕಾಲೇಜ್ ರೊಮ್ಯಾನ್ಸ್' ಎಂಬ ಹಿಂದಿ ವೆಬ್ ಸರಣಿಯ ಮೊದಲ ಸೀಸನ್‌ನ ಐದನೇ ಕಂತಿನಲ್ಲಿ ಒಂದು ಸಂಭಾಷಣೆ ಇದೆ. ಹುಡುಗನೊಬ್ಬ ಮಾತಿಗೊಂದು ಬೈಗುಳ ಪೋಣಿಸಿ ಮಾತನಾಡುತ್ತಾನೆ. ಅದನ್ನು ಕೇಳಿ ಸಾಕಾದ ಹುಡುಗಿ ಆಕ್ಷೇಪಿಸುತ್ತಾಳೆ. ಆಕ್ಷೇಪಿಸುವ ಭರದಲ್ಲಿ ಅವಳ ಬಾಯಿಂದಲೂ ಅಂಥವೇ ಮಾತುಗಳು ಉದುರುತ್ತವೆ. ನಗೆಯೇನಿದ್ದರೂ ಅಲ್ಲಿಯೇ ಇರುವುದು. ಕಂತಿನ ಇಂಗ್ಲಿಷ್ ಶೀರ್ಷಿಕೆಯಲ್ಲಿಯೂ ಒಂದು ಬೈಗುಳವಿದೆ. ತೀರ್ಪಿನಲ್ಲಿ ಅದು ನಕ್ಷತ್ರ ಚಿಹ್ನೆಗಳ ಮರೆಯಲ್ಲಿ ಅಚ್ಚಾಗಿದೆ.

ಕಾಲೇಜು ಹುಡುಗರ ತಮಾಷೆಯ ಕಥೆಯೊಂದರ ಈ ತುಣುಕಿನಿಂದಾಗಿ ಸರಣಿಯನ್ನು ತಯಾರಿಸಿದ ಟಿವಿಎಫ್ ಸಂಸ್ಥೆ, ನಿರ್ದೇಶಕರು ಮತ್ತು ಆ ಮಾತುಗಳನ್ನಾಡಿದ ನಟಿ ಅಪೂರ್ವಾ ಅರೋರಾ ಜೈಲು ಶಿಕ್ಷೆಯ ಸಾಧ್ಯತೆಯನ್ನು ಎದುರಿಸಬೇಕಾಯಿತು. ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಸೆಷನ್ಸ್ ನ್ಯಾಯಾಲಯ, ದೆಹಲಿ ಹೈಕೋರ್ಟ್ ದಾಟಿ ಪ್ರಕರಣ ಸುಪ್ರೀಂ ಕೋರ್ಟ್‌ಗೆ ತಲುಪಿತು. ಧಾರಾವಾಹಿಗಳಲ್ಲಿ ಬೈಗುಳ ಬೇಕೇ, ಬೇಡವೇ ಎಂಬ ವಾದಕ್ಕೆ ಇಷ್ಟು ದಾಖಲೆಯುಳ್ಳ ಇನ್ನೊಂದು ಉದಾಹರಣೆ ನಮ್ಮಲ್ಲಿ ಸಿಗುವುದು ಕಷ್ಟ. ಆದ್ದರಿಂದ ಅದನ್ನು ಮೊದಲಿನಿಂದ ನೋಡಬೇಕು. ಅಂತಿಮ ತೀರ್ಪು ಸರಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಆ ತೀರ್ಪು ಬೈಗುಳಗಳನ್ನು ಬಿಡಿಸಿಕೊಂಡು ಬಂದ ದಾರಿಯಲ್ಲಿ ಸಂಭಾಷಣೆ ಬರೆಯುವವರಿಗೆ ಅಷ್ಟೇನೂ ಹಿತವಲ್ಲದ ಒಂದು ಮಾತು ಅಡಗಿದೆ. ಗೆದ್ದ ಸಂಭ್ರಮದಲ್ಲಿ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಠಾಣೆಯಿಂದ ಹೈಕೋರ್ಟ್‌ವರೆಗೆ

ಕಂತನ್ನು ನೋಡಿದ ವೀಕ್ಷಕರೊಬ್ಬರು ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ವಿಚಾರಿಸಿ, 2019ರ ಏಪ್ರಿಲ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಇಲ್ಲಿ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ತಾವಾಗಿಯೇ ತನಿಖೆಗಿಳಿಯಬಹುದಾದ ಅಪರಾಧ, ಯಾವುದೂ ಕಾಣುವುದಿಲ್ಲ ಎಂದರು. ಬೈಗುಳದ ಪರಿಚಯ ವೃತ್ತಿಯಿಂದಲೇ ಚೆನ್ನಾಗಿರುವ ಇಲಾಖೆಯೊಂದು ಕೊಟ್ಟ ಅಭಿಪ್ರಾಯ ಅದು ಎಂದು ಇಲ್ಲಿ ಸೇರಿಸದೆ ಇರಲಾರೆ. ದೂರುದಾರರಿಗೆ ಸಮಾಧಾನವಾಗಲಿಲ್ಲ. ಅವರು ಮ್ಯಾಜಿಸ್ಟ್ರೇಟ್ ಮೊರೆ ಹೋದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಭಾರತೀಯ ದಂಡ ಸಂಹಿತೆಯ 292 ಮತ್ತು 294ನೇ ಸೆಕ್ಷನ್‌ಗಳು ಹಾಗೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಸೆಕ್ಷನ್‌ಗಳ ಅಡಿ ಎಫ್‌ಐಆರ್ ದಾಖಲಿಸಲು ಆದೇಶವಾಯಿತು. 2020ರ ನವೆಂಬರ್‌ನಲ್ಲಿ ಸೆಷನ್ಸ್ ನ್ಯಾಯಾಲಯ ದಂಡ ಸಂಹಿತೆಯ ಸೆಕ್ಷನ್‌ಗಳನ್ನು ಕೈಬಿಟ್ಟು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಎರಡನ್ನು ಉಳಿಸಿತು.

ಉಳಿದ ಆ ಎರಡು ಸಣ್ಣವೇನಲ್ಲ. 67ನೇ ಸೆಕ್ಷನ್ ಅಶ್ಲೀಲ ಸಾಮಗ್ರಿಯನ್ನು ವಿದ್ಯುನ್ಮಾನ ರೂಪದಲ್ಲಿ ಪ್ರಕಟಿಸುವುದಕ್ಕೆ ಸಂಬಂಧಿಸಿದ್ದು. ಮೊದಲ ಬಾರಿಗೆ ಮೂರು ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. 67ಎ ಲೈಂಗಿಕ ಕ್ರಿಯೆಯನ್ನು ಮುಚ್ಚುಮರೆಯಿಲ್ಲದೆ ತೋರಿಸುವ ಸಾಮಗ್ರಿಗೆ ಮೀಸಲಾದದ್ದು. ಅದಕ್ಕೆ ಐದು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಇಬ್ಬರು ಬಟ್ಟೆ ತೊಟ್ಟುಕೊಂಡು ನಿಂತು ಜಗಳವಾಡುವ ದೃಶ್ಯವೊಂದು ಈ ಎರಡನೆಯ ಸೆಕ್ಷನ್‌ನ ವ್ಯಾಪ್ತಿಗೆ ಬಂದದ್ದು ಹೇಗೆ? ಬೈಗುಳಗಳಲ್ಲಿ ಹೆಸರಿಸಲಾದ ಅಂಗಗಳು ಮತ್ತು ಕ್ರಿಯೆಗಳು ಲೈಂಗಿಕವಾದವು ಎಂಬ ಒಂದೇ ತರ್ಕದಿಂದ. ಇಡೀ ಪ್ರಕರಣ ನಿಂತದ್ದು ಈ ತರ್ಕದ ಮೇಲೆ; ಕೊನೆಗೆ ಬಿದ್ದದ್ದೂ ಇದು ಮುರಿದುಬಿದ್ದಾಗಲೇ.

2023ರ ಮಾರ್ಚ್ 6ರಂದು ದೆಹಲಿ ಹೈಕೋರ್ಟ್‌ನ ನ್ಯಾಯಮೂರ್ತಿ ಸ್ವರಣ ಕಾಂತಾ ಶರ್ಮಾ ಆರೋಪಿಗಳ ಅರ್ಜಿಗಳನ್ನು ವಜಾ ಮಾಡಿದರು. ಎಫ್‌ಐಆರ್ ದಾಖಲಿಸಬೇಕೆಂದರೆ ಯಾರನ್ನಾದರೂ ಬಂಧಿಸಬೇಕೆಂದು ಅರ್ಥವಲ್ಲ ಎಂಬ ಸ್ಪಷ್ಟನೆಯನ್ನೂ ಅವರು ನೀಡಿದರು. ಮುಂದಿನ ತಿಂಗಳು ಎಫ್‌ಐಆರ್ ದಾಖಲಾಯಿತು.

ಕಿವಿಗೆ ಇಯರ್‌ಫೋನ್

ಹೈಕೋರ್ಟ್ ತೀರ್ಪಿನಲ್ಲಿ ಪತ್ರಿಕೆಗಳೆಲ್ಲ ಎತ್ತಿಕೊಂಡ ಒಂದು ವಿವರವಿದೆ. ನ್ಯಾಯಮೂರ್ತಿಗಳು ಕಂತನ್ನು ತಮ್ಮ ಕೊಠಡಿಯಲ್ಲಿ ನೋಡುವಾಗ ಇಯರ್‌ಫೋನ್ ಹಾಕಿಕೊಳ್ಳಬೇಕಾಯಿತು. ಸುತ್ತಲಿದ್ದವರು ಬೆಚ್ಚಿಬೀಳುವಂಥ ಭಾಷೆ ಅದಾಗಿತ್ತು ಎಂದು ಅವರು ಬರೆದರು. ಸಾರ್ವಜನಿಕವಾಗಿಯಾಗಲಿ ಕುಟುಂಬದಲ್ಲಾಗಲಿ ವಿವೇಕಿಯಾದ ಸಾಮಾನ್ಯ ಮನುಷ್ಯ ಹೀಗೆ ಮಾತನಾಡುವುದಿಲ್ಲ, ಇದು ಈ ದೇಶದ ಯುವಜನರು ಅಥವಾ ನಾಗರಿಕರು ಬಳಸುವ ಭಾಷೆಯಲ್ಲ ಎಂಬುದು ಅವರ ನಿಲುವು.

ಇದನ್ನು ಓದಿ ನಕ್ಕವರು ಬಹಳ ಮಂದಿ. ದೇಶದ ಯಾವುದೇ ಹಾಸ್ಟೆಲ್‌ನ ಮೊಗಸಾಲೆಯಲ್ಲಿ ಐದು ನಿಮಿಷ ನಿಂತರೆ ಆ ನಿಲುವಿನ ಎರಡನೆಯ ಭಾಗ ಉಳಿಯುವುದಿಲ್ಲ. ಸುಪ್ರೀಂ ಕೋರ್ಟ್ ತಾನೇ 1996ರಲ್ಲಿ 'ಬ್ಯಾಂಡಿಟ್ ಕ್ವೀನ್' ಚಿತ್ರದ ಪ್ರಕರಣದಲ್ಲಿ, ಪ್ರತಿ ಊರಿನ ಬೀದಿಯಲ್ಲಿ ದಿನವೂ ಕೇಳಿಬರುವ ಕೆಲವು ಬೈಗುಳಗಳನ್ನು ದೊಡ್ಡದು ಮಾಡುವ ಅಗತ್ಯವಿಲ್ಲ, ಚಿತ್ರದಲ್ಲಿವೆ ಎಂಬ ಕಾರಣಕ್ಕೆ ಯಾವ ವಯಸ್ಕನೂ ಅವನ್ನು ಬಳಸಲು ಹೊರಡುವುದಿಲ್ಲ ಎಂಬ ಅರ್ಥದ ಮಾತು ಹೇಳಿತ್ತು. ಅಲ್ಲಿಂದ 27 ವರ್ಷಗಳಲ್ಲಿ ಬೀದಿಗಳು ಸಭ್ಯವಾಗಿದ್ದರೆ ನಮಗಂತೂ ಗೊತ್ತಾಗಿಲ್ಲ.

ಆದರೆ ಇಯರ್‌ಫೋನ್ ವಿಷಯಕ್ಕೆ ನಗುವುದು ನನಗೆ ಸರಿ ಕಾಣುವುದಿಲ್ಲ. ಬೈಗುಳ ನೋಯಿಸುವ ಬಗೆಯ ಕುರಿತು ಇಡೀ ಪ್ರಕರಣದಲ್ಲಿ ದಾಖಲಾದ ಅತ್ಯಂತ ನಿಜವಾದ ಸಂಗತಿ ಅದೇ. ಅವರಿಗೆ ಮುಜುಗರವಾದದ್ದು ತಮ್ಮ ಕಿವಿಗೆ ಬಿದ್ದದ್ದರಿಂದ ಮಾತ್ರವಲ್ಲ, ಪಕ್ಕದವರ ಕಿವಿಗೂ ಬೀಳಬಹುದೆಂಬುದರಿಂದ. ಬೈಗುಳದ ಕಸಿವಿಸಿ ಬಹುಪಾಲು ಹೀಗೇ ಹುಟ್ಟುತ್ತದೆ. ಒಬ್ಬರೇ ಕುಳಿತು ನೋಡುವಾಗ ಹುಬ್ಬೂ ಏರಿಸದವರು ತಂದೆ ಕೋಣೆಯೊಳಗೆ ಬಂದೊಡನೆ ರಿಮೋಟ್‌ಗಾಗಿ ತಡಕಾಡುತ್ತಾರೆ. ಮಾತು ಬದಲಾಗಿಲ್ಲ, ನೋಡುವವರೂ ಅವರೇ, ಕೂಟ ಬದಲಾಗಿದೆ. ತಮಾಷೆಯೆಂದರೆ ಆ ತಂದೆಯೂ ಒಬ್ಬರೇ ಇದ್ದಾಗ ಅದನ್ನೇ ನೋಡುತ್ತಿರಬಹುದು.

ಟೆಲಿವಿಷನ್‌ನ ನಿಯಮಗಳೆಲ್ಲ ಈ ಕೂಟವನ್ನು ಲೆಕ್ಕಕ್ಕಿಟ್ಟುಕೊಂಡೇ ಹುಟ್ಟಿದವು. ಬ್ರಿಟನ್ನಿನಲ್ಲಿ ರಾತ್ರಿ 9 ಗಂಟೆಗೆ ಮೊದಲು ತೀವ್ರ ಬೈಗುಳ ಪ್ರಸಾರವಾಗುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ರೇಡಿಯೊದಲ್ಲಿ ಹಗಲು ಹೊತ್ತಿನಲ್ಲಿ ಬಿತ್ತರವಾದ ಬೈಗುಳಗಳ ಕುರಿತು ತೀರ್ಪು ಕೊಡುವಾಗ, ಪ್ರಸಾರ ಮಾಧ್ಯಮ ಮನೆಯೊಳಗೆ ತಾನಾಗಿ ನುಗ್ಗುತ್ತದೆ, ಮಕ್ಕಳಿಗೂ ಸುಲಭವಾಗಿ ಸಿಗುತ್ತದೆ ಎಂಬುದನ್ನೇ ಮುಖ್ಯ ಕಾರಣವಾಗಿ ಕೊಟ್ಟಿತು. ನಮ್ಮಲ್ಲಿ ಕೇಬಲ್ ಟೆಲಿವಿಷನ್ ಜಾಲಗಳ 1994ರ ನಿಯಮಗಳು ಸದಭಿರುಚಿ ಮತ್ತು ಸಭ್ಯತೆಗೆ ಧಕ್ಕೆ ತರುವ ಕಾರ್ಯಕ್ರಮಗಳನ್ನು ನಿಷೇಧಿಸುತ್ತವೆ. ಅದಕ್ಕೇ ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಸೊಸೆಯ ಹಾಲಿಗೆ ವಿಷ ಬೆರೆಸಬಹುದು, ಮಗುವನ್ನು ಕದಿಯಬಹುದು, ವಾರಗಟ್ಟಲೆ ಕೊಲೆಯ ಸಂಚು ಹೂಡಬಹುದು. ಇಷ್ಟೆಲ್ಲ ಮಾಡುವ ಅತ್ತೆಯ ಬಾಯಲ್ಲಿ ಒಂದೇ ಒಂದು ಕೆಟ್ಟ ಮಾತು ಬರುವಂತಿಲ್ಲ.

ವೆಬ್ ಸರಣಿ ಈ ಕೂಟದಿಂದ ತಪ್ಪಿಸಿಕೊಂಡು ಬಂದ ಪ್ರಕಾರ. 2018ರ ಹೊತ್ತಿಗೆ ಅದರ ಆದರ್ಶ ವೀಕ್ಷಕನೆಂದರೆ ಕೈಯಲ್ಲಿ ಮೊಬೈಲ್, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡ ಇಪ್ಪತ್ತರ ಹರೆಯದ ಒಬ್ಬಂಟಿ. ಅಂತರ್ಜಾಲದ ಸರಣಿಗಳಿಗೆ ವಯಸ್ಸಿನ ವರ್ಗೀಕರಣವನ್ನು ಕಡ್ಡಾಯ ಮಾಡುವ ನಿಯಮವೂ ಆಗ ಇರಲಿಲ್ಲ. ಅದು ಬಂದದ್ದು 2021ರ ಫೆಬ್ರವರಿಯಲ್ಲಿ. ವಿಪರ್ಯಾಸವೆಂದರೆ ಹೈಕೋರ್ಟ್ ಆ ಕಂತನ್ನು ನೋಡಿದ ರೀತಿಯೂ ಸರಣಿ ಬಯಸಿದ ರೀತಿಯೇ ಆಗಿತ್ತು. ಅಳೆಯಲು ಹಿಡಿದ ಕೋಲು ಮಾತ್ರ ನಡುಮನೆಯದು.

ಸುಪ್ರೀಂ ಕೋರ್ಟ್ ಬಿಡಿಸಿದ ಗಂಟು

2024ರ ಮಾರ್ಚ್ 19ರಂದು ನ್ಯಾಯಮೂರ್ತಿಗಳಾದ ಎ.ಎಸ್. ಬೋಪಣ್ಣ ಮತ್ತು ಪಿ.ಎಸ್. ನರಸಿಂಹ ಅವರ ಪೀಠ ಹೈಕೋರ್ಟ್ ಆದೇಶವನ್ನೂ ಎಫ್‌ಐಆರ್ ಅನ್ನೂ ರದ್ದುಪಡಿಸಿತು. ತೀರ್ಪು ಬರೆದವರು ನರಸಿಂಹ.

ಅವರ ವಾದದ ಬೇರು ಹಳೆಯದು. ಬಂಗಾಳಿ ಕಾದಂಬರಿಕಾರ ಸಮರೇಶ್ ಬಸು ಅವರ 'ಪ್ರಜಾಪತಿ' ಕಾದಂಬರಿ 1967ರಲ್ಲಿ ಪತ್ರಿಕೆಯೊಂದರ ವಿಶೇಷಾಂಕದಲ್ಲಿ ಪ್ರಕಟವಾಗಿ ಅಶ್ಲೀಲತೆಯ ಮೊಕದ್ದಮೆ ಎದುರಿಸಿತು. 1985ರಲ್ಲಿ ಲೇಖಕರನ್ನು ಖುಲಾಸೆ ಮಾಡುವಾಗ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿತ್ತು: ಅಸಭ್ಯವಾದದ್ದು ಓದುಗನಲ್ಲಿ ಹೇಸಿಗೆ, ಜಿಗುಪ್ಸೆ, ಬೇಸರವನ್ನೂ ಹುಟ್ಟಿಸಬಹುದು, ಆದರೆ ಅವನನ್ನು ಕೆಡಿಸುವುದಿಲ್ಲ, ಕೆಡಿಸುವ ಗುಣವಿದ್ದಾಗ ಮಾತ್ರ ಅದು ಅಶ್ಲೀಲ. ನ್ಯಾಯಾಧೀಶನಾದವನು ಮೊದಲು ತನ್ನನ್ನು ಲೇಖಕನ ಜಾಗದಲ್ಲಿ ಕಲ್ಪಿಸಿಕೊಂಡು ಅವನು ಹೇಳಹೊರಟದ್ದೇನೆಂದು ತಿಳಿಯಬೇಕು, ಆಮೇಲೆ ಎಲ್ಲ ವಯಸ್ಸಿನ ಓದುಗರ ಜಾಗದಲ್ಲಿ ಕುಳಿತು ನೋಡಬೇಕು ಎಂಬ ಕ್ರಮವನ್ನೂ ಅದೇ ತೀರ್ಪು ಹೇಳಿಕೊಟ್ಟಿತ್ತು. ಅದೇ ನ್ಯಾಯಾಲಯದ 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ, ಅಶ್ಲೀಲತೆಯನ್ನು ಅಳೆಯುವ ಬ್ರಿಟಿಷರ ಕಾಲದ 1868ರ ಹಿಕ್ಲಿನ್ ಅಳತೆಯನ್ನು ಬದಿಗಿಟ್ಟು, ಬಿಡಿ ತುಣುಕನ್ನಲ್ಲದೆ ಇಡೀ ಕೃತಿಯನ್ನು ಸಮಕಾಲೀನ ಸಮುದಾಯದ ದೃಷ್ಟಿಯಿಂದ ಅಳೆಯಬೇಕೆಂದು ಹೇಳಲಾಯಿತು.

ಈ ಅಳತೆಯನ್ನು ಹೈಕೋರ್ಟ್ ಕೂಡ ಉಲ್ಲೇಖಿಸಿತ್ತು. ತಪ್ಪಿದ್ದು ಎಲ್ಲಿ ಎಂದರೆ, ಅಶ್ಲೀಲವೇ ಎಂದು ಕೇಳಬೇಕಾದಲ್ಲಿ ಅದು ಸಭ್ಯವೇ ಎಂದು ಕೇಳಿತು. ಸಭ್ಯವಲ್ಲ ಎಂಬ ಉತ್ತರ ಸಿಕ್ಕಾಗ ಅದನ್ನೇ ಅಶ್ಲೀಲವೆಂದು ಬರೆದುಕೊಂಡಿತು. ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಈ ಪದಗಳ ನಿಘಂಟಿನ ಅರ್ಥ ಲೈಂಗಿಕವಾದದ್ದು ನಿಜ. ಆದರೆ ಬಳಕೆಯಲ್ಲಿ ಅವು ಸೂಚಿಸುವುದು ಸಿಟ್ಟು, ಹತಾಶೆ, ದುಃಖ, ಕೆಲವೊಮ್ಮೆ ಉತ್ಸಾಹ. ಕೇಳಿದವರಲ್ಲಿ ಕಾಮ ಕೆರಳುವುದಿಲ್ಲ. ಬದಲಿಗೆ ಅಸಹ್ಯವಾಗಬಹುದು, ಆಘಾತವಾಗಬಹುದು. ಕಾಮ ಕೆರಳಿಸದ್ದು ಅಶ್ಲೀಲವಲ್ಲ, ಆದ್ದರಿಂದ 67 ಅನ್ವಯಿಸುವುದಿಲ್ಲ. ಲೈಂಗಿಕ ಕ್ರಿಯೆಯೇ ಇಲ್ಲದಿರುವುದರಿಂದ 67ಎ ಅಂತೂ ಇಲ್ಲವೇ ಇಲ್ಲ. ನ್ಯಾಯಾಲಯದ ಗಾಂಭೀರ್ಯಕ್ಕೆ ಕುಂದು ಬಾರದಂತೆ ಒಂದು ಕಂತನ್ನು ಅಲ್ಲಿ ಕೇಳಿಸಬಹುದೇ ಎಂಬುದು ಅಪರಾಧವನ್ನು ನಿರ್ಧರಿಸುವ ಅಳತೆಯಾಗದು. ಮಕ್ಕಳಿಗೂ ಸುಲಭವಾಗಿ ಸಿಗುತ್ತದೆ ಎಂಬ ಆತಂಕ ನಿಯಂತ್ರಣದ ವಿಷಯವಾಗಬಹುದು, ಒಂದು ಸಾಮಗ್ರಿ ಅಶ್ಲೀಲವೋ ಅಲ್ಲವೋ ಎಂಬುದನ್ನು ಅದು ನಿರ್ಧರಿಸಲಾರದು.

ಹೀಗೆ ಗಂಟು ಬಿಚ್ಚಿತು. ಎರಡು ವರ್ಷ ಮೊದಲು ಕೇರಳ ಹೈಕೋರ್ಟ್ ಕೂಡ 'ಚುರುಳಿ' ಎಂಬ ಮಲಯಾಳಂ ಚಿತ್ರದ ಬೈಗುಳಗಳ ವಿರುದ್ಧ ಬಂದ ಅರ್ಜಿಯನ್ನು ವಜಾ ಮಾಡಿತ್ತು. ಕಾನೂನಿನ ಮಟ್ಟಿಗೆ ಈಗ ಸಂಶಯವೇನೂ ಉಳಿದಿಲ್ಲ: ಬೈಗುಳವಿದೆ ಎಂಬ ಒಂದೇ ಕಾರಣಕ್ಕೆ ಸರಣಿಯೊಂದು ಅಶ್ಲೀಲವಾಗುವುದಿಲ್ಲ, ಅದರ ನಟಿ ಅಪರಾಧಿಯಾಗುವುದಿಲ್ಲ.

ಅದೇ ವಾದ, ಬರೆಯುವವರ ಮೇಜಿನ ಮೇಲೆ

ಈಗ ಆರಂಭದಲ್ಲಿ ಹೇಳಿದ ಅಹಿತಕರ ಮಾತಿಗೆ ಬರುತ್ತೇನೆ. ಬೈಗುಳಗಳನ್ನು ಕಾಪಾಡಿದ ವಾದದ ತಿರುಳೇನು? ಅವು ತಮ್ಮ ಅರ್ಥವನ್ನು ಕಳೆದುಕೊಂಡಿವೆ, ಕೇಳಿದವನಿಗೆ ಅವುಗಳೊಳಗಿನ ಚಿತ್ರ ಕಾಣುವುದಿಲ್ಲ, ಸಿಟ್ಟೋ ಉತ್ಸಾಹವೋ ಇದೆ ಎಂಬ ಸುದ್ದಿಯಷ್ಟೇ ಮುಟ್ಟುತ್ತದೆ. ಆರೋಪಿಯ ಪರ ವಕೀಲರಿಗೆ ಇದಕ್ಕಿಂತ ಒಳ್ಳೆಯ ಮಾತು ಬೇಡ. ಸಂಭಾಷಣೆಕಾರನ ಬಗ್ಗೆ ಹೇಳಿದರೆ ಇದಕ್ಕಿಂತ ಕಠಿಣವಾದ ವಿಮರ್ಶೆಯೂ ಬೇಡ. ಏನನ್ನೂ ತೋರಿಸದ, ಭಾವವಿದೆ ಎಂದು ಸೂಚಿಸುವುದನ್ನು ಬಿಟ್ಟು ಬೇರೆ ಕೆಲಸ ಮಾಡದ ಪದವನ್ನು ಒಂದು ಪುಟದಲ್ಲಿ ಹತ್ತು ಸಲ ಬರೆದರೆ, ಪಾತ್ರ ಸಿಟ್ಟಾಗಿದೆ ಎಂದು ಆವರಣದಲ್ಲಿ ಬರೆದು ನಟನಿಗೆ ಕೊಟ್ಟಷ್ಟೇ ಆಯಿತು.

'ಜನ ಮಾತನಾಡುವುದೇ ಹಾಗೆ' ಎಂಬ ಸಮರ್ಥನೆ ಇಲ್ಲಿ ಹೆಚ್ಚು ದೂರ ನಡೆಯುವುದಿಲ್ಲ. ಜನ ಮಾತಿನ ನಡುವೆ 'ಅಂದರೆ', 'ಅದೇ', 'ಹಾಂ' ಎಂದು ಎಷ್ಟು ಸಲ ತಡವರಿಸುತ್ತಾರೋ ಅಷ್ಟನ್ನೂ ಯಾರೂ ಚಿತ್ರಕಥೆಯಲ್ಲಿ ಬರೆಯುವುದಿಲ್ಲ. ಫೋನಿನಲ್ಲಿ ಒಂದೇ ವಿಷಯವನ್ನು ಮೂರು ಸಲ ಹೇಳುತ್ತಾರೆ. ಸರಣಿಯ ಪಾತ್ರಗಳು 'ಸರಿ, ಇಡುತ್ತೇನೆ' ಎಂದೂ ಹೇಳದೆ ಕರೆ ಕತ್ತರಿಸುತ್ತವೆ. ನಿಜಜೀವನದ ಮಾತನ್ನು ಇಷ್ಟೆಲ್ಲ ಸೋಸಿದ ಮೇಲೆ ಬೈಗುಳವೊಂದನ್ನು ಮಾತ್ರ ಸೋಸದೆ ಬಿಟ್ಟು, ಇದು ವಾಸ್ತವ ಎಂದರೆ ಒಪ್ಪುವುದು ಕಷ್ಟ. ನಾಟಕದ ಮಾತು ಯಾವತ್ತೂ ಆಯ್ದ ಮಾತು. ಆಯ್ಕೆಗೆ ಕಾರಣ ಕೇಳುವುದು ಮಡಿವಂತಿಕೆಯಲ್ಲ.

ಹಾಗಾದರೆ ಈ ಪ್ರಕರಣದ ಆ ದೃಶ್ಯ? ಅಲ್ಲಿ ಬೈಗುಳಕ್ಕೆ ಕಾರಣವಿತ್ತು. ಬೈಗುಳಗಳನ್ನು ತೆಗೆದುಬಿಡಿ, ದೃಶ್ಯವೇ ಇರುವುದಿಲ್ಲ. ಅದರ ವಸ್ತುವೇ ಬೈಗುಳ. ಒಬ್ಬನ ಬಾಯಿ ಸರಿಯಿಲ್ಲ ಎಂದು ತಿದ್ದಲು ಹೊರಟವಳು ಸಿಟ್ಟು ನೆತ್ತಿಗೇರಿದಾಗ ಅವನ ಭಾಷೆಗೇ ಜಾರುತ್ತಾಳೆ; ಯಾವ ಮಾತಿಗೆ ಜಾರಿದಳೆಂದು ನೋಡುಗನಿಗೆ ಕೇಳಿಸದಿದ್ದರೆ ಆ ಜಾರುವಿಕೆಯ ನಗೆಯೂ ಹುಟ್ಟುವುದಿಲ್ಲ, ಅದರ ಹಿಂದಿನ ಸಣ್ಣ ಟೀಕೆಯೂ ತಲುಪುವುದಿಲ್ಲ. ಬೈಗುಳದ ಬಗ್ಗೆಯೇ ಯೋಚಿಸುವ ದೃಶ್ಯವೊಂದನ್ನು ಬೈಗುಳದ ಆರೋಪದ ಮೇಲೆ ಕಟಕಟೆಗೆ ತಂದದ್ದು ಈ ಪ್ರಕರಣದ ವಿಚಿತ್ರ. ಬೈಗುಳಗಳನ್ನು ಲೆಕ್ಕ ಹಾಕುವವರ ಕಣ್ಣಿಗೆ ಈ ವ್ಯತ್ಯಾಸ ಬೀಳಲಾರದು, ಅವರ ಪಟ್ಟಿಯಲ್ಲಿ ಎಲ್ಲವೂ ಒಂದೊಂದು ಗೀಟು. 2015ರಲ್ಲಿ ಕೇಂದ್ರ ಸೆನ್ಸಾರ್ ಮಂಡಳಿಯಿಂದ ನಿಷೇಧಿತ ಪದಗಳ ಪಟ್ಟಿಯೊಂದು ಹೊರಬಿದ್ದು, ಚಿತ್ರರಂಗದಿಂದಷ್ಟೇ ಅಲ್ಲದೆ ಮಂಡಳಿಯೊಳಗಿನಿಂದಲೂ ವಿರೋಧ ಎದುರಿಸಿದ್ದು ಇದೇ ದೋಷದಿಂದ. ಪದ ಯಾವುದೆಂದು ಪಟ್ಟಿ ಹೇಳಬಲ್ಲದು. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಅಂದರು ಎಂಬುದು ಪಟ್ಟಿಗೆ ಗೊತ್ತಿಲ್ಲ.

ಬೀಪ್ ಶಬ್ದ ಹಾಕಬಹುದಿತ್ತಲ್ಲ ಎಂದು ಕೆಲವರು ಕೇಳುತ್ತಾರೆ. ಬೀಪ್ ಬಿದ್ದಲ್ಲಿ ಕೇಳುಗ ತನಗೆ ಗೊತ್ತಿರುವ ಅತ್ಯಂತ ಕೆಟ್ಟ ಪದವನ್ನು ತಾನೇ ತುಂಬಿಕೊಳ್ಳುತ್ತಾನೆ. ಹಾಸ್ಯ ಕಾರ್ಯಕ್ರಮಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು, ಬೀಪ್ ಅನ್ನೇ ನಗೆಹನಿಯಾಗಿ ಬಳಸುತ್ತವೆ. ಕೇಳುಗನ ಬಾಯಿಗೇ ಬೈಗುಳವನ್ನು ಹಾಕುವ ಉಪಾಯವನ್ನು ಸಭ್ಯತೆಯ ಕಾವಲು ಎಂದು ಕರೆಯುವುದು ಹೇಗೋ ತಿಳಿಯದು.

ಇನ್ನು, ಬೈಗುಳ ನೋಯಿಸುತ್ತದೆ ಎಂಬುದನ್ನು ಅದು ಬೇಡ ಎಂಬುದಕ್ಕೆ ಪುರಾವೆಯಾಗಿ ಕೊಡುವುದು ರೂಢಿ. ನಾಟಕದಲ್ಲಿ ಲೆಕ್ಕ ಹಾಗೆ ಬರುವುದಿಲ್ಲ. ಜೀವಮಾನವಿಡೀ ದನಿ ಎತ್ತದ ಮುದುಕಿಯೊಬ್ಬಳು ಎಂಟನೇ ಕಂತಿನಲ್ಲಿ ಮಗನಿಗೆ ಒಂದು ಕೆಟ್ಟ ಮಾತು ಅಂದರೆ ಅದು ನೋಡುಗನಿಗೆ ತಾಕಬೇಕು, ಕೆಟ್ಟದೆನಿಸಬೇಕು. ಆ ಮಾತಿಗೆ ಶಕ್ತಿ ಬರುವುದು ಹಿಂದಿನ ಏಳು ಕಂತುಗಳ ಮೌನದಿಂದ. ಅದೇ ಮನೆಯಲ್ಲಿ ಎಲ್ಲರೂ ಮೊದಲ ಕಂತಿನಿಂದ ಬಾಯಿ ಹರಿಯಬಿಟ್ಟಿದ್ದರೆ ಮುದುಕಿಯ ಸಿಟ್ಟಿಗೆ ಪದವೇ ಉಳಿದಿರುವುದಿಲ್ಲ. ಹಾಗಾಗಿ ಮಾತುಮಾತಿಗೂ ಬೈಗುಳ ಬಳಸುವ ಸರಣಿಗಳ ಬಗ್ಗೆ ನನ್ನ ದೂರು ಅವು ತೀರಾ ನೋಯಿಸುತ್ತವೆ ಎಂಬುದಲ್ಲ. ಮೂರನೇ ಕಂತಿನ ಹೊತ್ತಿಗೆ ಅವು ಯಾರನ್ನೂ ನೋಯಿಸದಂತಾಗುತ್ತವೆ.

ಬೈಯುವುದು ಒಂದು ಕಸುಬುಗಾರಿಕೆ ಎಂಬುದನ್ನು ಕನ್ನಡದವರಿಗೆ ಹೇಳಿಕೊಡಬೇಕಿಲ್ಲ. 'ನಿನ್ನ ಬಾಯಿಗೆ ಹುಳ ಬೀಳಲಿ', 'ನಿನ್ನ ಮನೆಯ ಮಾಡಿನ ಮೇಲೆ ಎಕ್ಕ ಹುಟ್ಟಲಿ' ಎಂದು ಶಪಿಸುವಲ್ಲಿ ಅಂಗಾಂಗಗಳ ಹೆಸರಿಲ್ಲ, ಆದರೂ ಕೇಳಿದವನ ಮೈ ಜುಮ್ಮೆನ್ನುತ್ತದೆ. ಏಕೆಂದರೆ ಅಲ್ಲಿ ಕಣ್ಣಿಗೆ ಕಟ್ಟುವ ಒಂದು ಚಿತ್ರವಿದೆ, ಮನೆ ಹಾಳುಬಿದ್ದ ಚಿತ್ರ. ನಗರದ ಕಾಲೇಜು ಹುಡುಗ ಹೀಗೆ ಶಪಿಸಬೇಕೆಂದು ನಾನು ಹೇಳುತ್ತಿಲ್ಲ, ಅವನ ಬಾಯಲ್ಲಿ ಅದು ಅಭಾಸವಾದೀತು. ಆದರೆ ಅವನ ಪೀಳಿಗೆಗೂ ತನ್ನದೇ ಚುಚ್ಚುಮಾತುಗಳು, ಅಡ್ಡಹೆಸರುಗಳು, ಅಣಕಗಳಿವೆ. ಅವನ್ನು ಆಲಿಸಿ ಬರೆಯಲು ಕಿವಿ ಬೇಕು, ಸಮಯವೂ ಬೇಕು. ಸಿದ್ಧ ಬೈಗುಳಕ್ಕೆ ಎರಡೂ ಬೇಡ.

ಯಾರ ಹೆಸರಿನಲ್ಲಿ

ದೂರಿನಲ್ಲಿ ಮಹಿಳೆಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ 1986ರ ಕಾಯ್ದೆಯ ಉಲ್ಲೇಖವೂ ಇತ್ತು. ಅದು ಮ್ಯಾಜಿಸ್ಟ್ರೇಟ್ ಆದೇಶದಲ್ಲಿಯೇ ಉಳಿಯಲಿಲ್ಲ. ಆ ಕಾಯ್ದೆಯ ದೃಷ್ಟಿಯಿಂದ ಅದು ಸರಿಯೂ ಇರಬಹುದು. ಆದರೆ ಅದರ ಹಿಂದಿನ ಪ್ರಶ್ನೆ ಹಾಗೆಯೇ ಉಳಿದಿದೆ. ಗಂಡಸರಿಬ್ಬರು ಜಗಳವಾಡುವಾಗ ಬೈಗುಳದಲ್ಲಿ ಬರುವುದು ಅಲ್ಲಿ ಇಲ್ಲದ ತಾಯಿ, ಅಲ್ಲಿ ಇಲ್ಲದ ಅಕ್ಕ ತಂಗಿ. ಬಳಕೆಯಲ್ಲಿ ಆ ಅರ್ಥ ಸವೆದುಹೋಗಿದೆ ಎಂಬುದು ಆಡುವವರ ಮಟ್ಟಿಗೆ ನಿಜ. ಕೇಳಿಸಿಕೊಳ್ಳುವ ಹೆಂಗಸರಿಗೂ ಅಷ್ಟೇ ಸವೆದಿದೆಯೇ? ನ್ಯಾಯಾಲಯ ಇದನ್ನು ಕೇಳಬೇಕಾದ ಅಗತ್ಯವಿರಲಿಲ್ಲ, ಅದರ ಮುಂದಿದ್ದುದು ಕಾಮ ಕೆರಳುವುದೇ ಎಂಬ ಪ್ರಶ್ನೆ. ಬರೆಯುವವರು ಕೇಳಿಕೊಳ್ಳಬೇಕು. ಐದನೇ ಕಂತಿನ ಹುಡುಗಿಗೆ ಆ ಮಾತುಗಳು ಸಹಿಸಲಾಗಲಿಲ್ಲ ಎಂಬುದನ್ನು ನೋಡಿದರೆ, ಸರಣಿಯವರಿಗೆ ಈ ಪ್ರಶ್ನೆಯ ಸುಳಿವಾದರೂ ಇತ್ತು ಎನ್ನಬಹುದು.

ಬೈಗುಳಗಳೆಲ್ಲ ಒಂದೇ ತೂಕದವಲ್ಲ. ಜಾತಿಯ ಹೆಸರನ್ನೇ ಬೈಗುಳವಾಗಿ ಎಸೆಯುವುದಕ್ಕೆ ಈ ದೇಶದಲ್ಲಿ ಬೇರೆಯೇ ಚರಿತ್ರೆಯಿದೆ, ಅದಕ್ಕಾಗಿ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2021ರಲ್ಲಿ ವೀಕ್ಷಕರನ್ನು ಕೇಳಿ ನಡೆಸಿದ ಅಧ್ಯಯನದಲ್ಲಿಯೂ, ಸಾಮಾನ್ಯ ಬೈಗುಳಗಳ ಬಗ್ಗೆ ಜನ ಮೊದಲಿಗಿಂತ ಸಡಿಲವಾಗಿದ್ದು, ಜನಾಂಗ ಮತ್ತು ಸಮುದಾಯಗಳನ್ನು ಹೀನಾಯವಾಗಿಸುವ ಪದಗಳ ಬಗ್ಗೆ ಹೆಚ್ಚು ಕಾಳಜಿ ತೋರಿದ್ದು ಕಂಡುಬಂತು. ನಮ್ಮ ದೂರುಗಳಾದರೋ ಇನ್ನೂ ಹೆಚ್ಚಾಗಿ ಅಂಗಾಂಗಗಳ ಸುತ್ತಲೇ ಸುತ್ತುತ್ತಿವೆ. ಮೈಬಣ್ಣ, ದಪ್ಪ ದೇಹ, ಹೆಣ್ಣಿಗತನ ಎಂದು ಹಂಗಿಸುವ ಹಾಸ್ಯ ದಿನವೂ ನಡುಮನೆಗಳಲ್ಲಿ ಬೀಪ್ ಇಲ್ಲದೆ ಪ್ರಸಾರವಾಗುತ್ತದೆ, ಮನೆಮಂದಿಯೆಲ್ಲ ಕೂಡಿ ನಗುತ್ತಾರೆ.

ಸಿಟ್ಟಾದ ವೀಕ್ಷಕನ ದಾರಿ

ದೂರುದಾರರ ಕಸಿವಿಸಿ ಸುಳ್ಳಲ್ಲ. ಅವರು ಹಿಡಿದ ದಾರಿ ತಪ್ಪು. ಅಪರಾಧ ಕಾನೂನು ಒಮ್ಮೆ ಕೈ ಹಾಕಿದರೆ ಬರೆದವರು, ನಿರ್ದೇಶಿಸಿದವರು, ಆಡಿದವರು ಎಲ್ಲರನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ. ಪಾತ್ರದ ಮಾತಿಗೆ ನಟಿಯೊಬ್ಬಳು ಆರೋಪಿಯಾಗಿ ವರ್ಷಗಟ್ಟಲೆ ಅಲೆದಾಡಿದ್ದನ್ನು ನೋಡಿದ ಮೇಲೆ, ಮುಂದಿನ ನಟಿ ಬೈಗುಳವಿರುವ ಪಾತ್ರವನ್ನು ಮಾತ್ರವಲ್ಲ, ಜೋರಾಗಿ ಮಾತನಾಡುವ ಪಾತ್ರವನ್ನೂ ಎರಡು ಸಲ ಯೋಚಿಸಿ ಒಪ್ಪುತ್ತಾಳೆ.

2021ರ ನಿಯಮಗಳು ಇನ್ನೊಂದು ದಾರಿಯನ್ನು ತೆರೆದಿವೆ. ಸರಣಿಗಳನ್ನು ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ವರ್ಗೀಕರಿಸಬೇಕು; ವರ್ಗೀಕರಿಸುವಾಗ ಭಾಷೆಯನ್ನೂ ಪರಿಗಣಿಸಬೇಕು. 13+ ಮತ್ತು ಅದಕ್ಕೂ ಮೇಲಿನ ವರ್ಗಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವಿರಬೇಕು, 'ಎ' ವರ್ಗಕ್ಕೆ ವಯಸ್ಸು ಪರಿಶೀಲಿಸುವ ವ್ಯವಸ್ಥೆ ಇರಬೇಕು. ದೂರಿದ್ದರೆ ಮೊದಲು ಪ್ರಸಾರ ಮಾಡಿದ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು, ಅವರು 15 ದಿನಗಳಲ್ಲಿ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಉದ್ಯಮದ ಸ್ವನಿಯಂತ್ರಣ ಸಂಸ್ಥೆ, ಅದರ ಮೇಲೆ ಕೇಂದ್ರ ಸರ್ಕಾರದ ಮೇಲ್ವಿಚಾರಣೆ. ಈ ಮೂರನೆಯ ಹಂತದ ಬಗ್ಗೆ, ಸರ್ಕಾರದ ಕೈ ಎಷ್ಟು ಉದ್ದವಾಗಬಹುದು ಎಂಬುದರ ಬಗ್ಗೆ ನನಗೆ ಅನುಮಾನಗಳಿವೆ, ಅದು ಬೇರೆಯೇ ಲೇಖನದ ವಿಷಯ. ಆದರೆ ಮೊದಲಿಗೆ ಹೇಳಿದ ವರ್ಗೀಕರಣ ಉಪಯುಕ್ತ. ಪರದೆಯ ಮೂಲೆಯಲ್ಲಿ 'ಒರಟು ಭಾಷೆ' ಎಂದು ಕಾಣಿಸಿದರೆ ಯಾರೊಂದಿಗೆ ಕುಳಿತು ನೋಡಬೇಕೆಂದು ವೀಕ್ಷಕ ತಾನೇ ತೀರ್ಮಾನಿಸಬಹುದು. ಕೂಟದ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರವನ್ನು ಯಾವ ಕಾನೂನೂ ಕೊಡಲಾರದು.

ಬರೆಯುವವರಿಗೆ ಅಂಥ ನಿಯಮ ಯಾವುದೂ ಇಲ್ಲ, ಇರಲೂ ಬಾರದು. 2024ರ ತೀರ್ಪಿನ ನಂತರ ಅವರನ್ನು ತಡೆಯುವವರು ಕಡಿಮೆ, ಆದ್ದರಿಂದ ಕಾರಣವನ್ನು ಅವರೇ ಕೇಳಿಕೊಳ್ಳಬೇಕು. ಆ ಐದನೇ ಕಂತಿನ ಸಂಭಾಷಣೆಯ ಕರಡು ನನ್ನ ಮುಂದೆ ಬಂದಿದ್ದರೆ ಹುಡುಗಿಯ ಮಾತುಗಳಲ್ಲಿ ಒಂದನ್ನೂ ಹೊಡೆದುಹಾಕುತ್ತಿರಲಿಲ್ಲ. ಹುಡುಗನ ಮಾತುಗಳಲ್ಲಿ ಅವಳನ್ನು ರೇಗಿಸಲು ಸಾಕಾಗುವಷ್ಟನ್ನು ಬಿಟ್ಟು ಉಳಿದವಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು, ಇವುಗಳ ಬದಲು ಇವನು ಬೇರೇನು ಅನ್ನುತ್ತಾನೆ ಎಂದು ಅಂಚಿನಲ್ಲಿ ಬರೆಯುತ್ತಿದ್ದೆ.